ಮೀನಿನ ತೊಟ್ಟಿಗೆ ಎಂಥ ಕಲ್ಲು ಹಾಕಬೇಕು?



ನಮ್ಮ ವಿಜ್ಞಾನ ಕೋಣೆಯ ಕಿಟಕಿ ಪಕ್ಕದ ಗಾಜಿನ ತೊಟ್ಟಿಯನ್ನು ನೀವೆಲ್ಲರೂ ನೋಡಿದ್ದೀರಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಪೂರ್ತಿ ತುಂಬಿದರೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ (ಏಳನೇ ತರಗತಿಯವರು ಲೆಕ್ಕ ಮಾಡಿ ನೋಡ್ರಿ). ಅದರಲ್ಲಿ ಮೊದಲು ಐದು ಗೋಲ್ಡ್ ಫಿಶ್ ಇದ್ದವು. ಈಗ ಎರಡೇ ಇವೆ. ಉಳಿದ ಮೂರು ಎಲ್ಲಿ ಹೋದವು ಅಂತ ಸಣ್ಣ ತರಗತಿಯ ಮಕ್ಕಳು ಇನ್ನೂ ಕೇಳುತ್ತಾರೆ. ಬೆಕ್ಕು ತಿಂತು ಅಂತ ಯಾರೋ ಹೇಳಿಬಿಟ್ಟಿದ್ದಾರೆ. ಬೆಕ್ಕು ತಿಂದಿಲ್ಲ. ನಾನು ತಂದು ಹಾಕಿದ ಕಲ್ಲಿಗೂ ಅವು ಸತ್ತದ್ದಕ್ಕೂ ಸಂಬಂಧ ಇದೆ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಕಲ್ಲಿನ ವಿಷಯ ನಾನೇ ಬರೆಯುತ್ತೇನೆ ಅಂತ ಕೇಳಿ ತೆಗೆದುಕೊಂಡೆ.

ತೊಟ್ಟಿ ಬಂದ ದಿನ ತಳಕ್ಕೆ ಹಾಕಲು ಏನಾದರೂ ಚೆಂದದ್ದು ತರಬೇಕು ಅಂತ ಎಲ್ಲರಿಗೂ ಆಸೆ. ನಮ್ಮ ಎರೆಹೊಲದಲ್ಲಿ ನೇಗಿಲು ಹೊಡೆದಾಗ ಬಿಳಿ ಬಿಳಿ ಕಲ್ಲು ಮೇಲೆ ಬರುತ್ತವೆ. ಕೆಲವು ಗುಂಡಗೆ, ಕೆಲವು ಶುಂಠಿ ಬೇರಿನ ಹಾಗೆ ಗಂಟುಗಂಟಾಗಿ. ನಮ್ಮ ಕಡೆ ಅವಕ್ಕೆ ಸುಣ್ಣದ ಹರಳು ಅನ್ನುತ್ತಾರೆ. ಹೆಸರಲ್ಲೇ ಸುಣ್ಣ ಇದೆ, ಆದರೂ ನನಗೆ ಹೊಳೆಯಲಿಲ್ಲ. ಒಂದು ಪುಟ್ಟಿ ತುಂಬ ಆರಿಸಿ, ತೊಳೆದು ತಂದೆ. ಕರಿ ಉಸುಕಿನ ಮೇಲೆ ಬಿಳಿ ಕಲ್ಲು, ನಡುವೆ ಕೆಂಪು ಮೀನು. ಹೆಡ್ ಮಾಸ್ತರು ಕೂಡ ಬಂದು ನೋಡಿ ಹೋದರು.

ಹನ್ನೊಂದನೇ ದಿನ ಬೆಳಿಗ್ಗೆ ಎರಡು ಮೀನು ಅಡ್ಡಬಿದ್ದು ತೇಲುತ್ತಿದ್ದವು. ಮರುದಿನ ಇನ್ನೊಂದು. ಅಕ್ಕೋರು ಬಂದು ಮೊದಲು ನೀರಿನ ವಾಸನೆ ನೋಡಿದರು. ಆಮೇಲೆ ಪಿಎಚ್ ಕಾಗದ ಅದ್ದಿದರು. ಮೀನು ಬಿಟ್ಟ ದಿನ 7 ತೋರಿಸಿದ್ದ ಕಾಗದ ಈಗ 8 ಕ್ಕಿಂತ ಮೇಲೆ ತೋರಿಸಿತು.

"ಈ ಕಲ್ಲ ಯಾರ ತಂದಾರ?"

"ನಾನರೀ ಅಕ್ಕಾರ."

"ಎಲ್ಲಿಂದ ತಂದಿ?"

"ನಮ್ಮ ಹೊಲದಾಗಿಂದ್ರಿ."

"ಅಳಬ್ಯಾಡ. ಒಂದು ನಿಂಬಿಹಣ್ಣು ತಗೊಂಬಾ ಹೋಗು."

ನಿಂಬೆಹಣ್ಣು ತಂದೆ. ಅಕ್ಕೋರು ಒಂದು ಹರಳನ್ನು ಒರೆಸಿ, ಮೊಳೆಯಿಂದ ಗೀಚಿ, ಗೀಚಿದ ಪುಡಿಯ ಮೇಲೆ ನಾಲ್ಕು ಹನಿ ಹಿಂಡಿದರು. ಸಣ್ಣ ಸಣ್ಣ ಗುಳ್ಳೆ ಎದ್ದವು. ಕಿವಿಯ ಹತ್ತಿರ ಹಿಡಿದರೆ ಸೋಡಾ ಬಾಟಲಿ ಬಿಚ್ಚಿದ ಹಾಗೆ ಮೆಲ್ಲಗೆ ಸದ್ದು. ನಿರ್ಜೀವ ಕಲ್ಲು ಮಾತಾಡಿದ ಹಾಗೆ ಅನಿಸಿ ನನಗೆ ಹೆದರಿಕೆಯೇ ಆಯಿತು.

ಆ ಗುಳ್ಳೆ ಏನು ಅಂದರೆ ಇಂಗಾಲದ ಡೈಆಕ್ಸೈಡ್. ಸುಣ್ಣದ ಹರಳು, ಸುಣ್ಣಕಲ್ಲು, ಅಮೃತಶಿಲೆ, ಕವಡೆ, ಶಂಖ, ಬಸವನಹುಳುವಿನ ಚಿಪ್ಪು, ಕೋಳಿಮೊಟ್ಟೆಯ ಸಿಪ್ಪೆ ಇವೆಲ್ಲ ಬಹುಪಾಲು ಒಂದೇ ವಸ್ತು. ಅದರ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದು ಕರಗಿ ಅನಿಲ ಬಿಡುತ್ತದೆ. ತೊಟ್ಟಿಯಲ್ಲಿ ನಿಂಬೆಹುಳಿ ಎಲ್ಲಿಂದ ಬಂತು ಅಂತ ಕೇಳಬಹುದು. ಮೀನು ಉಸಿರು ಬಿಡುತ್ತದಲ್ಲ, ಆ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ತೀರಾ ಸೌಮ್ಯವಾದ ಕಾರ್ಬೊನಿಕ್ ಆಮ್ಲ ಆಗುತ್ತದೆ. ಅಷ್ಟು ಹುಳಿ ಸಾಕು, ಕಲ್ಲು ದಿನಾ ತುಸು ತುಸು ಕರಗುತ್ತಾ ಹೋಗುತ್ತದೆ. ನೀರು ಗಡಸಾಗುತ್ತದೆ, ಪಿಎಚ್ ಏರುತ್ತದೆ. ಇದರ ಉಲ್ಟಾ ಕೆಲಸ ನಿಮ್ಮ ಮನೆಯಲ್ಲೇ ನಡೆಯುತ್ತಿದೆ. ಬೋರಿನ ನೀರು ಕಾಯಿಸುವ ಬಚ್ಚಲ ಹಂಡೆಯ ಒಳಗೆ ಕೈಯಾಡಿಸಿ ನೋಡ್ರಿ (ಆರಿದ ಮೇಲೆ). ಬಿಳಿ ಹೊಪ್ಪಳೆ ಕಟ್ಟಿರುತ್ತದೆ. ನೆಲದೊಳಗೆ ನೀರಿಗೆ ಸೇರಿದ್ದ ಸುಣ್ಣ ಕಾಯಿಸಿದಾಗ ಮತ್ತೆ ಕಲ್ಲಾಗಿ ಕೂತಿದೆ. ಅದರ ಮೇಲೆ ನಿಂಬೆ ಹಿಂಡಿದರೂ ಗುಳ್ಳೆ ಬರುತ್ತದೆ. ನಾನು ಮಾಡಿ ನೋಡಿದ್ದೇನೆ.

ಸುಣ್ಣ ವಿಷ ಅಲ್ಲ, ಎಲೆಯಡಿಕೆಗೆ ಹಚ್ಚಿಕೊಂಡು ತಿನ್ನುತ್ತೇವೆ, ಮೀನು ಯಾಕೆ ಸಾಯಬೇಕು? ಇದನ್ನೇ ನಾನೂ ಕೇಳಿದೆ. ಗೋಲ್ಡ್ ಫಿಶ್ ತುಸು ಗಡಸು ನೀರನ್ನು ತಡೆದುಕೊಳ್ಳುತ್ತದೆ ಅಂತ ಅಕ್ಕೋರೂ ಹೇಳಿದರು. ತೊಂದರೆ ಬೇರೆ ಕಡೆಯಿಂದ ಬಂದಿತ್ತು. ಮೀನು ತನ್ನ ಕಿವಿರಿನಿಂದ ಅಮೋನಿಯಾ ಹೊರಗೆ ಹಾಕುತ್ತದೆ. ತಿನ್ನದೆ ಉಳಿದ ಕಾಳು ಕೊಳೆತರೂ ಅದೇ ಹುಟ್ಟುತ್ತದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಂ, ಅದು ಅಷ್ಟಾಗಿ ತೊಂದರೆ ಕೊಡದು. ಇನ್ನೊಂದು ಬರೀ ಅಮೋನಿಯಾ, ಅದು ಮೀನಿನ ಕಿವಿರನ್ನು ಸುಡುತ್ತದೆ. ಯಾವ ರೂಪ ಎಷ್ಟು ಅನ್ನುವುದನ್ನು ಪಿಎಚ್ ತೀರ್ಮಾನ ಮಾಡುತ್ತದೆ. ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದು ಪಿಎಚ್ 7 ಇದ್ದರೆ ನೂರಕ್ಕೆ ಸುಮಾರು ಅರ್ಧ ಭಾಗ ಮಾತ್ರ ಸುಡುವ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ನೂರಕ್ಕೆ ಐದು ಭಾಗ ದಾಟುತ್ತದೆ. ಅಂದರೆ ಅದೇ ಹೊಲಸು, ಅದೇ ಮೀನು, ಆದರೆ ವಿಷ ಹತ್ತು ಪಟ್ಟು.

"ಕಲ್ಲು ಒಂದಕ್ಕ ಬೈಬ್ಯಾಡ್ರಿ" ಅಂದರು ಅಕ್ಕೋರು. ತೊಟ್ಟಿ ಹೊಸದು. ಅಷ್ಟು ನೀರಿಗೆ ಐದು ಗೋಲ್ಡ್ ಫಿಶ್ ಹೆಚ್ಚೇ. ಮೇಲಾಗಿ ನಾವು ಬಂದವರೆಲ್ಲ ಒಂದೊಂದು ಚಿಟಿಕೆ ಕಾಳು ಹಾಕುತ್ತಿದ್ದೆವು. ಅಮೋನಿಯಾ ಹುಟ್ಟಿಸಿದವರು ನಾವೆಲ್ಲರೂ, ಅದನ್ನು ಹರಿತ ಮಾಡಿದ್ದು ನನ್ನ ಕಲ್ಲು. ಇನ್ನೊಂದು ಮಾತನ್ನೂ ಅಕ್ಕೋರು ಕೇಳಿದರು, ಅದು ನನಗೆ ಹೆಚ್ಚು ನಾಟಿತು: "ಆ ಹೊಲಕ್ಕ ಎಣ್ಣಿ ಹೊಡದಿದ್ರೇನು?" ಹೊಡೆದಿದ್ದರು. ಹತ್ತಿಗೆ ಎರಡು ಸಲ. ಸುಣ್ಣದ ಹರಳಿನ ಮೈತುಂಬ ಸಣ್ಣ ತೂತು. ಎಣ್ಣೆ ಒಳಗೆ ಹೀರಿದ್ದರೆ ಮೇಲೆ ತೊಳೆದು ಏನು ಉಪಯೋಗ? ಆದ್ದರಿಂದ ಮೊದಲನೇ ಮಾತು, ಎಣ್ಣೆ ಹೊಡೆದ ಹೊಲದ ಕಲ್ಲು, ಗೊಬ್ಬರದ ತಿಪ್ಪೆ ಪಕ್ಕದ ಕಲ್ಲು, ಗ್ಯಾರೇಜಿನ ಮುಂದಿನ ಕಲ್ಲು ಇವು ಎಷ್ಟೇ ಚೆಂದ ಇದ್ದರೂ ಬೇಡವೇ ಬೇಡ. ಇವಕ್ಕೆ ಪರೀಕ್ಷೆಯೂ ಬೇಡ.

ಸುಣ್ಣದ ಕಲ್ಲು ಎಲ್ಲ ಮೀನಿಗೂ ವೈರಿ ಅಂತ ತಿಳಿಯಬಾರದು. ಆಫ್ರಿಕಾದ ಮಲಾವಿ, ಟ್ಯಾಂಗನಿಕಾ ಅನ್ನುವ ದೊಡ್ಡ ಸರೋವರಗಳ ನೀರು ಹುಟ್ಟಾ ಕ್ಷಾರ. ಅಲ್ಲಿನ ಸಿಕ್ಲಿಡ್ ಮೀನು ಸಾಕುವವರು ಬೇಕೆಂತಲೇ ಸುಣ್ಣಕಲ್ಲು ಹಾಕುತ್ತಾರಂತೆ.

ಇನ್ನು ನಮ್ಮ ಸುತ್ತಲಿನ ಕಲ್ಲುಗಳ ಕಡೆ ಬರೋಣ. ಮೀನು ಸತ್ತ ಮೇಲೆ ನಾನು ಮತ್ತು ನನ್ನ ಗೆಳತಿ ಒಂದು ಸಂಚಿ ಹಿಡಿದು ಸಿಕ್ಕ ಸಿಕ್ಕ ಕಲ್ಲಿನ ಮೇಲೆ ನಿಂಬೆ ಹಿಂಡುತ್ತಾ ತಿರುಗಿದೆವು. ಊರಲ್ಲಿ ಕೆಲವರು ನಕ್ಕರು. ನಕ್ಕರೆ ನಗಲಿ. ನಮ್ಮ ಬಾಗಲಕೋಟೆ ಜಿಲ್ಲೆಯಷ್ಟು ತರಹೇವಾರಿ ಕಲ್ಲು ಒಂದೇ ಕಡೆ ಸಿಗುವುದು ಅಪರೂಪ ಅಂತ ಆಗ ಗೊತ್ತಾಯಿತು.

ಶಾಲೆಯ ಪಡಸಾಲೆಗೆ ಹಾಸಿದ್ದಾರಲ್ಲ ಶಹಾಬಾದ್ ಪರಸಿ, ಅದು ಸುಣ್ಣಕಲ್ಲು. ಒಡೆದ ತುಂಡೊಂದನ್ನು ಗೀಚಿ ಹಿಂಡಿದೆವು, ಗುಳ್ಳೆ ಬಂತು. ಅಡಿಗೆಮನೆಯ ಕರಿ ಕಡಪಾ ಕಲ್ಲೂ ಹಾಗೇ. ಬಣ್ಣ ಕಪ್ಪು ಅಂತ ಮೋಸ ಹೋಗಬಾರದು. ಇವು ಚಪ್ಪಟೆಯಾಗಿ ಇರುತ್ತವೆ, ಮೀನಿಗೆ ಗುಹೆ ಕಟ್ಟಲು ಅನುಕೂಲ ಅಂತ ಎಲ್ಲರ ಕೈಯೂ ಮೊದಲು ಇವುಗಳ ಮೇಲೇ ಹೋಗುತ್ತದೆ. ಲೋಕಾಪುರದ ಕಡೆ ಸಿಮೆಂಟ್ ಕಾರ್ಖಾನೆ ಇರುವುದು ಯಾಕೆ? ನೆಲದಲ್ಲಿ ಸುಣ್ಣಕಲ್ಲು ಇದೆ ಅಂತ. ಅಂದಮೇಲೆ ಆ ಕಡೆಯಿಂದ ಬಂದ ಕಲ್ಲನ್ನು ನೋಡಿದ ಕೂಡಲೇ ನಂಬಬಾರದು. ಸಿಮೆಂಟ್ ಹತ್ತಿದ ಇಟ್ಟಿಗೆ ಚೂರು, ಕಾಂಕ್ರೀಟ್ ತುಂಡು ಸುಣ್ಣಕಲ್ಲಿಗಿಂತ ಕೆಟ್ಟದ್ದು, ಪಿಎಚ್ ಅನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ.

ಇಳಕಲ್ಲಿನ ಕೆಂಪು ಗ್ರಾನೈಟ್ ಒಳ್ಳೆಯದು. ಗುಳ್ಳೆ ಇಲ್ಲ, ಕರಗುವುದಿಲ್ಲ, ನೀರಲ್ಲಿ ನೆನೆದರೆ ಬಣ್ಣ ಇನ್ನೂ ಹೊಳೆಯುತ್ತದೆ. ಆದರೆ ಒಡೆದ ಗ್ರಾನೈಟಿನ ಅಂಚು ಬ್ಲೇಡಿನ ಹಾಗೆ. ಉಜ್ಜಿ ಮೊಂಡು ಮಾಡಬೇಕು, ಇಲ್ಲವೇ ಹೊಳೆಯಲ್ಲಿ ಉರುಳಿ ಗುಂಡಗಾದದ್ದನ್ನೇ ಆರಿಸಬೇಕು. ಬಾದಾಮಿ ಗುಡ್ಡದ ಕೆಂಪು ಮರಳುಗಲ್ಲಿಗೂ ನಮ್ಮ ನಿಂಬೆಹುಳಿ ಏನೂ ಮಾಡಲಿಲ್ಲ. ಅದರಲ್ಲಿ ಗಟ್ಟಿಯಾದದ್ದು ನಡೆಯುತ್ತದೆ, ಬೆರಳಿಂದ ಉಜ್ಜಿದರೆ ಉಸುಕು ಉದುರುವಂಥದ್ದು ಬೇಡ. ಹಾಂ, ಗುಡಿ ಮತ್ತು ಗುಹೆಗಳ ಹತ್ತಿರದ ಕಲ್ಲು ಮಾತ್ರ ಮುಟ್ಟಬಾರದು. ಬಾದಾಮಿ, ಐಹೊಳೆ, ಪಟ್ಟದಕಲ್ಲು ಇವೆಲ್ಲ 1958ರ ಕಾಯ್ದೆಯ ಪ್ರಕಾರ ರಕ್ಷಿತ ಸ್ಮಾರಕಗಳು. ಅಲ್ಲಿ ಬಿದ್ದ ತುಂಡೂ ನಮ್ಮದಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೆಣಚುಕಲ್ಲು. ಬಿಳಿ ಬೇಕು ಅನ್ನುವವರಿಗೆ ಇದೇ ಸರಿ. ಕತ್ತಲಲ್ಲಿ ಎರಡು ಬೆಣಚು ಉಜ್ಜಿದರೆ ಮಿಣಕ್ ಅಂತ ಬೆಳಕು ಬರುತ್ತದೆ, ಅದನ್ನು ಆಡದವರು ನಮ್ಮಲ್ಲಿ ಯಾರೂ ಇಲ್ಲ. ಬೆಣಚನ್ನೂ ಸುಣ್ಣದ ಹರಳನ್ನೂ ಗುರುತಿಸುವುದು ಸುಲಭ. ಕಬ್ಬಿಣದ ಮೊಳೆಯಿಂದ ಗೀಚ್ರಿ. ಸುಣ್ಣದ ಕಲ್ಲಾದರೆ ಗೆರೆ ಬಿದ್ದು ಪುಡಿ ಏಳುತ್ತದೆ. ಬೆಣಚಾದರೆ ಮೊಳೆಯೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಹಚ್ಚುತ್ತದೆ. ಬೆಣಚು ಗಾಜನ್ನೂ ಗೀರುತ್ತದೆ, ಹಾಗಾಗಿ ತೊಟ್ಟಿಯ ಗಾಜಿಗೆ ತಾಗಿಸಿ ಇಡಬೇಡಿ.

ಬೀಸುಕಲ್ಲು ಮಾಡುವ ಕರಿಕಲ್ಲಿನ ಬಗ್ಗೆ ಒಂದು ಮಾತು. ಕೃಷ್ಣಾ ಹೊಳೆಯ ಆಚೆ ವಿಜಯಪುರದ ಕಡೆ ನೆಲವೆಲ್ಲ ಇದೇ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದ ಲಾವಾ ಆರಿ ಆದದ್ದು. ಕಲ್ಲು ತಾನಾಗಿ ಒಳ್ಳೆಯದೇ. ಆದರೆ ಲಾವಾದೊಳಗೆ ಗಾಳಿ ಸಿಕ್ಕಿ ಆದ ತೂತುಗಳಲ್ಲಿ ಆಮೇಲೆ ಬಿಳಿ ಹರಳು ಬೆಳೆದಿರುತ್ತದೆ. ಕೆಲವು ತೂತಿನಲ್ಲಿ ಅದು ಸುಣ್ಣದ್ದೇ ಜಾತಿ. ಆದ್ದರಿಂದ ಕರಿಯ ಭಾಗಕ್ಕೆ ಹಿಂಡಿ ಪಾಸು ಮಾಡಬೇಡಿ, ಬಿಳಿ ಚುಕ್ಕಿಗೇ ಹಿಂಡಿ ನೋಡ್ರಿ. ಕೆಂಪು ಮುರಕಲ್ಲು ಪುಡಿಪುಡಿಯಾಗಿ ನೀರು ರಾಡಿ ಮಾಡುತ್ತದೆ, ಬೇಡ. ಬಂಗಾರದ ಹಾಗೆ ಮಿಂಚುವ ಕಲ್ಲು, ಹಸಿರು ನೀಲಿ ಕಲೆ ಇರುವ ಕಲ್ಲು ಇವುಗಳಲ್ಲಿ ಗಂಧಕ, ತಾಮ್ರ ಇರಬಹುದು. ಚಿತ್ರದುರ್ಗದ ಹತ್ತಿರ ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತು. ತಾಮ್ರ ಸ್ವಲ್ಪ ಕರಗಿದರೂ ಮೀನಿಗೆ ವಿಷ. ಪೇಟೆಯಲ್ಲಿ ಸಿಗುವ ಬಣ್ಣ ಬಳಿದ ಕಲ್ಲಿನ ಬಣ್ಣವೂ ಏಳುತ್ತದೆ, ಅದಕ್ಕೆ ದುಡ್ಡು ಕೊಡಬೇಡಿ.

ನಿಂಬೆ ಪರೀಕ್ಷೆಯಲ್ಲಿ ನಾವು ಎರಡು ಸಲ ಮೋಸ ಹೋದೆವು. ಮೊದಲನೆಯದು, ಒಣ ಮುರಕಲ್ಲಿಗೆ ಹಿಂಡಿದಾಗಲೂ ಗುಳ್ಳೆ ಬಂತು. ಅದು ಅನಿಲ ಅಲ್ಲ, ತೂತಿನೊಳಗಿನ ಗಾಳಿ! ಬರೀ ನೀರು ಹಾಕಿದರೂ ಬರುತ್ತದೆ. ಅದಕ್ಕೇ ಕಲ್ಲನ್ನು ಮೊದಲು ನೀರಲ್ಲಿ ನೆನೆಸಿ ಆಮೇಲೆ ಹಿಂಡಬೇಕು. ಎರಡನೆಯದು, ಗೀಚದೆ ಹಿಂಡಿದರೆ ಗಟ್ಟಿ ಸುಣ್ಣಕಲ್ಲು ಸುಮ್ಮನೆ ಕೂತುಬಿಡುತ್ತದೆ. ಪುಡಿ ಎಬ್ಬಿಸಿ ಹಿಂಡಿದರೆ ಮಾತ್ರ ನಿಜ ಹೇಳುತ್ತದೆ. ನಿಂಬೆಹುಳಿ ಸೌಮ್ಯವಾದದ್ದು. ಅನುಮಾನ ಉಳಿದರೆ ಪ್ರಯೋಗಶಾಲೆಯ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಸಾಕು, ಆದರೆ ಅದನ್ನು ಅಕ್ಕೋರೇ ಹಾಕಬೇಕು. ಬಚ್ಚಲು ತೊಳೆಯುವ ಆಸಿಡ್ ಮುಟ್ಟಬೇಡಿ.

(ಜಾಗ ಸಾಲುತ್ತಿಲ್ಲ, ಇಲ್ಲಿಂದ ಅಕ್ಷರ ಸಣ್ಣದು ಮಾಡಿದ್ದೇನೆ. ಕ್ಷಮಿಸಿ.)

ನಿಂಬೆಗೂ ಸಿಗದ ಕಲ್ಲು ಬಕೆಟ್ಟಿಗೆ ಸಿಗುತ್ತದೆ. ಎರಡು ಬಕೆಟ್ ತಗೊಳ್ಳಿ. ಎರಡರಲ್ಲೂ ಒಂದೇ ನೀರು, ಒಂದರಲ್ಲಿ ಕಲ್ಲು, ಇನ್ನೊಂದು ಖಾಲಿ. ಒಂದು ವಾರ ಮುಚ್ಚಿ ಇಟ್ಟು ಎರಡಕ್ಕೂ ಪಿಎಚ್ ಕಾಗದ ಅದ್ದಿ. ಖಾಲಿ ಬಕೆಟ್ ಯಾಕೆ ಅಂದರೆ, ನೀರು ಸುಮ್ಮನೆ ನಿಂತರೂ ಪಿಎಚ್ ತುಸು ಬದಲಾಗಬಹುದು. ಎರಡರ ನಡುವಿನ ವ್ಯತ್ಯಾಸ ಮಾತ್ರ ಕಲ್ಲಿನದು. ಇಲ್ಲಿ ಬೋರಿನ ನೀರು ಹಾಕಬೇಡಿ. ಅದರಲ್ಲಿ ಸುಣ್ಣ ಮೊದಲೇ ತುಂಬಿರುವುದರಿಂದ ಸುಣ್ಣಕಲ್ಲು ಹಾಕಿದರೂ ಕಾಗದದ ಬಣ್ಣ ಬದಲಾಗದೆ ಇರಬಹುದು, ನಮಗೆ ಹಾಗೇ ಆಯಿತು. ಮಳೆನೀರು ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಸರಿ. ನನ್ನ ಹರಳು ಘಟಕದ ನೀರಲ್ಲಿ ಒಂದು ವಾರ ಕೂತು 7 ಇದ್ದದ್ದನ್ನು 8 ಮಾಡಿತು. ಬೆಣಚು, ಇಳಕಲ್ ಕಲ್ಲು ಏನೂ ಮಾಡಲಿಲ್ಲ. ತೊಟ್ಟಿಗೂ ನಾವು ಘಟಕದ ನೀರನ್ನೇ ತುಂಬಿದ್ದೆವಲ್ಲ, ಅದಕ್ಕೇ ಪಿಎಚ್ ಅಷ್ಟು ಬೇಗ ಏರಿತ್ತು.

ಪಾಸಾದ ಕಲ್ಲನ್ನು ತೊಳೆಯುವುದು ಹೇಗೆ? ತೆಂಗಿನ ನಾರು ಅಥವಾ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದಿನ ಮಣ್ಣು, ಪಾಚಿ ತೆಗೆಯಿರಿ. ಸಾಬೂನು, ಸೋಡಾಪುಡಿ ಹಚ್ಚಲೇಬಾರದು, ತೂತಿನೊಳಗೆ ಉಳಿದರೆ ಮೀನಿಗೆ ಅಪಾಯ. ಆಮೇಲೆ ಬಿಸಿನೀರು ಸುರಿದು ಆರುವ ತನಕ ಬಿಡಿ, ನೀರು ಬದಲಿಸಿ, ಎರಡು ಮೂರು ಸಲ. ಕೊನೆಗೆ ಬಿಸಿಲಲ್ಲಿ ಒಣಗಿಸಿ. ಇಷ್ಟೇ. ಇದಕ್ಕಿಂತ ಹೆಚ್ಚು ಮಾಡಲು ಹೋಗಿ ನಾನು ಎರಡನೇ ತಪ್ಪು ಮಾಡಿದೆ.

ಈ ಸಲ ಒಂದು ಹುಳವೂ ಉಳಿಯಬಾರದು ಅಂತ ಹಟ ಹತ್ತಿತ್ತು. ಮಲಪ್ರಭಾ ಹೊಳೆಯಿಂದ ಆಗತಾನೇ ತಂದ ನಾಲ್ಕು ಗುಂಡುಕಲ್ಲನ್ನು ಬಚ್ಚಲ ಒಲೆಯ ಕೆಂಡದಲ್ಲಿ ಹುಗಿದಿಟ್ಟೆ. ನನ್ನ ತಮ್ಮ ಒಲೆಯ ಮುಂದೆ ಕೂತು ಮೈ ಕಾಯಿಸುತ್ತಿದ್ದ. ಅವ್ವ ಹಾಲು ತರಲು ಕರೆದಳು ಅಂತ ಎದ್ದು ಹೋದ. ಅವನು ಬಾಗಿಲು ದಾಟಿರಲಿಲ್ಲ, ಢಂ ಅಂತ ಸದ್ದು. ಕಲ್ಲಿನ ಚೂರೊಂದು ಹಂಡೆಗೆ ಬಡಿದು ಠಣ್ ಅಂತು, ಇನ್ನೊಂದು ಅವನು ಕೂತಿದ್ದ ಮಣೆಯ ಮೇಲೆ ಬಿದ್ದಿತ್ತು. ಎತ್ತಿದರೆ ಕೈ ಸುಟ್ಟಿತು. ಅಜ್ಜಿ ಓಡಿ ಬಂದು ಬೈಯಲಿಲ್ಲ, ಮೊದಲು ತಮ್ಮನ ಕಣ್ಣು, ಮುಖ ಸವರಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಹೊಳಿ ಕಲ್ಲು ಒಲಿಗೆ ಇಡಬಾರದವಾ, ಸಿಡಿತೈತಿ. ನಾವು ಜಾತ್ರ್ಯಾಗ ಮೂರು ಕಲ್ಲಿನ ಒಲಿ ಹೂಡಬೇಕಾದ್ರೂ ಹೊಳಿ ಕಲ್ಲು ಮುಟ್ಟತಿದ್ದಿಲ್ಲ" ಅಂದಳು.

ಮರುದಿನ ಅಕ್ಕೋರಿಗೆ ಹೇಳಿದೆ. ವರ್ಷಗಟ್ಟಲೆ ನೀರಲ್ಲಿ ಬಿದ್ದ ಕಲ್ಲಿನ ಸೀಳು, ತೂತುಗಳಲ್ಲಿ ನೀರು ಹೊಕ್ಕಿರುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಹೊರಬರಲು ದಾರಿ ಸಿಗದಿದ್ದರೆ ಕಲ್ಲನ್ನೇ ಒಡೆದುಕೊಂಡು ಬರುತ್ತದೆ. ಆದ್ದರಿಂದ ಒಲೆ, ಗ್ಯಾಸ್, ಕುಕ್ಕರ್ ಯಾವುದೂ ಬೇಡ. ಕಲ್ಲನ್ನು ನೀರಲ್ಲಿ ಹಾಕಿ ಕುದಿಸುವುದೂ ಬೇಡ. ಕಾಯಿಸಿದ ನೀರನ್ನು ಕಲ್ಲಿನ ಮೇಲೆ ಸುರಿಯಬೇಕೇ ವಿನಾ ಕಲ್ಲನ್ನು ಬೆಂಕಿಗೆ ಒಯ್ಯಬಾರದು.

ತೊಟ್ಟಿಯಲ್ಲಿ ಜೋಡಿಸುವಾಗ ಮೊದಲು ದೊಡ್ಡ ಕಲ್ಲು, ಆಮೇಲೆ ಸುತ್ತ ಉಸುಕು. ಉಸುಕಿನ ಮೇಲೆ ಕಲ್ಲಿಟ್ಟರೆ ಗೋಲ್ಡ್ ಫಿಶ್ ಬಾಯಿಂದ ಉಸುಕು ಕೆದರಿ ಕೆದರಿ ಕಲ್ಲು ವಾಲುತ್ತದೆ, ಗಾಜು ಹೋಗುತ್ತದೆ. ಕಲ್ಲಿನ ಚೂಪು ತಳ ಗಾಜಿನ ಒಂದೇ ಬಿಂದುವಿಗೆ ಊರದಂತೆ ಕೆಳಗೆ ತೆಳು ಥರ್ಮಾಕೋಲ್ ಹಾಸಿದ್ದೇವೆ. ಒಂದರ ಮೇಲೊಂದು ಇಟ್ಟರೆ ಅಲುಗಿಸಿ ನೋಡಬೇಕು. ಸಂದು ಇದ್ದರೆ ಮೀನು ತಿರುಗಿ ಬರುವಷ್ಟು ಅಗಲ ಇರಲಿ, ಇಲ್ಲವೇ ಪೂರ್ತಿ ಮುಚ್ಚಿಬಿಡಿ.

ಕೆಲವು ವಾರ ಕಳೆದ ಮೇಲೆ ಕಲ್ಲಿನ ಮೈ ಜಾರುತ್ತದೆ, ಲೋಳೆ ಬಂದ ಹಾಗೆ ಆಗುತ್ತದೆ. ಹೋದ ತಿಂಗಳು ಯಾರೋ ಉಪಕಾರ ಅಂತ ತಿಳಿದು ಎರಡು ಕಲ್ಲು ತೆಗೆದು ನಲ್ಲಿ ಕೆಳಗೆ ತಿಕ್ಕಿ ಬೆಳ್ಳಗೆ ಮಾಡಿಟ್ಟಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಆ ಲೋಳೆಯಲ್ಲಿ ಬ್ಯಾಕ್ಟೀರಿಯಾ ಇವೆ. ಮೀನಿನ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಅವೇ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಮೂರು ಮೀನು ಹನ್ನೊಂದು, ಹನ್ನೆರಡನೇ ದಿನಕ್ಕೆ ಹೋದವು ಅಂದರೆ ಆಗ ಕಲ್ಲಿನ ಮೇಲೆ ಈ ಬ್ಯಾಕ್ಟೀರಿಯಾ ಇನ್ನೂ ಸಾಕಷ್ಟು ಬೆಳೆದಿರಲೇ ಇಲ್ಲ.

ಈಗ ತೊಟ್ಟಿಯಲ್ಲಿ ಐದು ಬೆಣಚುಕಲ್ಲು, ಎರಡು ಇಳಕಲ್ ಕಲ್ಲು ಇವೆ. ಪಕ್ಕದ ಚಿತ್ರದಲ್ಲಿ ಕೆಂಪು ಪೆನ್ಸಿಲಿನಿಂದ ತುಂಬಿದ್ದು ಇಳಕಲ್ ಕಲ್ಲು. ನೀರು ಅರ್ಧ ಬೋರಿನದು, ಅರ್ಧ ಘಟಕದ್ದು. ಕಾಳು ಹಾಕುವ ಸರದಿ ಗೋಡೆಗೆ ಬರೆದಿದೆ, ಸರದಿ ಇಲ್ಲದವರು ಹಾಕುವಂತಿಲ್ಲ. ನನ್ನ ಸುಣ್ಣದ ಹರಳುಗಳನ್ನು ಅಕ್ಕೋರು ಬಿಸಾಡಲಿಲ್ಲ, ಒಂದು ಬಾಟಲಿಯಲ್ಲಿ ಹಾಕಿ ಪ್ರಯೋಗಕ್ಕೆ ಅಂತ ಕಪಾಟಿನಲ್ಲಿ ಇಟ್ಟಿದ್ದಾರೆ.

ನಿಮ್ಮ ಹತ್ತಿರ ಚೆಂದದ ಕಲ್ಲು ಇದ್ದರೆ ತನ್ನಿ. ತೊಟ್ಟಿಗೆ ನೇರ ಹಾಕಬೇಡಿ. ವಿಜ್ಞಾನ ಕೋಣೆಯ ಬಾಗಿಲ ಹಿಂದೆ ಎರಡು ಹಸಿರು ಬಕೆಟ್ ಇವೆ, ಎಡಗಡೆಯದರಲ್ಲಿ ಹಾಕಿ, ಎಲ್ಲಿಂದ ತಂದಿರಿ, ಯಾವ ದಿನ ಹಾಕಿದಿರಿ ಅಂತ ಚೀಟಿ ಬರೆದು ಹಿಡಿಕೆಗೆ ಕಟ್ಟಿ. ಬಲಗಡೆಯ ಬಕೆಟ್ ಖಾಲಿ ಇದೆ ಅಂತ ಅದರಲ್ಲಿ ಕೈ ತೊಳೆಯಬೇಡಿ. ಪಿಎಚ್ ಕಾಗದ ಶನಿವಾರ ಮುಂಜಾನೆ ಸಾಲಿ ಬಿಟ್ಟ ಮೇಲೆ ಅದ್ದುತ್ತೇವೆ. ನಿಂಬೆಹಣ್ಣು ಮಾತ್ರ ನೀವೇ ತರಬೇಕು, ನಮ್ಮ ಮನೆಯ ಗಿಡದಲ್ಲಿ ಕಾಯಿ ಮುಗಿದಿವೆ.

— 9ನೇ ತರಗತಿಯ ವಿದ್ಯಾರ್ಥಿನಿ